ಎರಡು ಕಿಲೋಮೀಟರಿಗೂ ಕಾರು: ಸೈಕಲ್ ಸವಾರರ ತಕರಾರಿನೊಳಗೆ ಏನಿದೆ?

ಬೆಂಗಳೂರಿನಲ್ಲಿ ದಿನವೂ ಸೈಕಲ್ ತುಳಿದು ಕೆಲಸಕ್ಕೆ ಹೋಗುವ ನಾಲ್ಕು ಮಂದಿ ಸೇರಿದರೆ ಮಾತು ಬೇಗನೆ ಒಂದು ವಿಷಯಕ್ಕೆ ಬಂದು ನಿಲ್ಲುತ್ತದೆ. ಹೊರವರ್ತುಲ ರಸ್ತೆಯ ಲಾರಿ, ತಿರುವಿನಲ್ಲಿ ಎಡಕ್ಕೆ ಒತ್ತಿಕೊಂಡು ಬರುವ ಬಸ್ಸು, ಮಳೆನೀರು ನಿಂತಾಗ ಕಣ್ಣಿಗೆ ಕಾಣದ ಗುಂಡಿ, ಇವೆಲ್ಲದರ ಬಗ್ಗೆ ಅವರಿಗೆ ಭಯವಿದೆ. ಆದರೆ ಅವುಗಳ ಮೇಲಿನ ಸಿಟ್ಟು ಹೆಚ್ಚು ಹೊತ್ತು ಉಳಿಯುವುದಿಲ್ಲ. ಆರದೆ ಉಳಿಯುವ ಸಿಟ್ಟು ಬಡಾವಣೆಯೊಳಗೆ ಓಡಾಡುವ ಕಾರಿನ ಮೇಲೆ. ಮೂರು ಅಡ್ಡರಸ್ತೆಯಾಚೆಗಿನ ತರಕಾರಿ ಅಂಗಡಿಗೆ, ಒಂದು ಕಿಲೋಮೀಟರ್ ದೂರದ ಜಿಮ್ಮಿಗೆ, ಒಂದೂವರೆ ಕಿಲೋಮೀಟರಿನ ಶಾಲೆಗೆ, ಎರಡು ಕಿಲೋಮೀಟರಿನ ಮೆಟ್ರೊ ನಿಲ್ದಾಣಕ್ಕೆ ಕಾರು ತೆಗೆಯುವವರನ್ನು ಕಂಡರೆ ಸೈಕಲ್ ಸವಾರರಿಗೆ ತಾಳ್ಮೆ ಉಳಿಯುವುದಿಲ್ಲ. ಇಪ್ಪತ್ತು ಕಿಲೋಮೀಟರ್ ದೂರದ ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲಿ ಹೋಗುವವರನ್ನು ಅವರು ಅರ್ಥಮಾಡಿಕೊಳ್ಳಬಲ್ಲರು. ನಡೆದು ಹೋಗಬಹುದಾದಷ್ಟು ಹತ್ತಿರಕ್ಕೆ ಕಾರೇ ಬೇಕೆನ್ನುವುದು ಅವರಿಗೆ ಅರ್ಥವಾಗುವುದಿಲ್ಲ.

ನಾನೂ ಆ ಗುಂಪಿಗೆ ಸೇರಿದ್ದೇನೆ. ಆ ಸಿಟ್ಟು ನನ್ನೊಳಗೂ ಇದೆ. ಆದರೂ ಈ ತಕರಾರನ್ನು ಬಿಡಿಸಿ ನೋಡುವ ಅಗತ್ಯವಿದೆ ಎಂದು ನನಗೆ ಅನ್ನಿಸುತ್ತದೆ. ಇದರಲ್ಲಿ ಒಂದಿಷ್ಟು ಲೆಕ್ಕವಿದೆ, ಒಂದಿಷ್ಟು ತೀರ್ಪಿದೆ. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇದೆ. ತೀರ್ಪು ಎಷ್ಟೋ ಸಲ ತಪ್ಪು ವ್ಯಕ್ತಿಯ ಮೇಲೆ ಬೀಳುತ್ತದೆ, ಕೆಲವೊಮ್ಮೆ ಸರಿಯಾದ ವ್ಯಕ್ತಿಯ ಮೇಲೂ ಬೀಳುತ್ತದೆ. ಎಲ್ಲಿ ಯಾವುದು ಎಂಬುದು ತಿಳಿಯದಿದ್ದರೆ ಸೈಕಲ್ ಸವಾರರ ಮಾತು ಸೈಕಲ್ ಸವಾರರ ಕಿವಿಗಷ್ಟೇ ಬಿದ್ದು ಅಲ್ಲಿಯೇ ಉಳಿಯುತ್ತದೆ.

ಮೊದಲು ಸಮಯದ ಲೆಕ್ಕ. ಟಾಮ್‌ಟಾಮ್ ಸಂಸ್ಥೆಯ ಸಂಚಾರ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಾಗುತ್ತಿತ್ತು. ಅಂದರೆ ಕಾರಿನ ವೇಗ ಗಂಟೆಗೆ ಸುಮಾರು 17.5 ಕಿಲೋಮೀಟರ್. ಅವಸರವಿಲ್ಲದೆ ಸೈಕಲ್ ತುಳಿಯುವವರು ಗಂಟೆಗೆ 15 ಕಿಲೋಮೀಟರ್ ಸುಲಭವಾಗಿ ಹೋಗುತ್ತಾರೆ. ಎರಡು ಕಿಲೋಮೀಟರಿಗೆ ಸೈಕಲ್ಲಿಗೆ ಎಂಟು ನಿಮಿಷ ಬೇಕಾದರೆ ಕಾರಿಗೆ ಏಳು ನಿಮಿಷ. ಈ ಏಳು ನಿಮಿಷಕ್ಕೆ ಸೇರದ ಹೊತ್ತು ಬೇರೆಯೇ ಇದೆ: ನೆಲಮಾಳಿಗೆಯಿಂದ ಕಾರನ್ನು ಹೊರತೆಗೆಯುವುದು, ಅಡ್ಡ ನಿಲ್ಲಿಸಿದ ಪಕ್ಕದ ಮನೆಯವರ ಕಾರನ್ನು ಸರಿಸಲು ಅವರನ್ನು ಕರೆಯುವುದು, ಒನ್‌ವೇ ಇದ್ದರೆ ಸುತ್ತಿ ಬರುವುದು, ಅಂಗಡಿಯ ಮುಂದೆ ಜಾಗ ಸಿಗದೆ ಎರಡು ಸುತ್ತು ಹಾಕುವುದು, ಕಡೆಗೆ ಇನ್ನೂರು ಮೀಟರ್ ದೂರದಲ್ಲಿ ನಿಲ್ಲಿಸಿ ನಡೆದು ಬರುವುದು. ದೂರ ಹೆಚ್ಚಾದಷ್ಟೂ ಈ ಹೆಚ್ಚುವರಿ ಹೊತ್ತು ಪ್ರಯಾಣದೊಳಗೆ ಕರಗಿ ಹೋಗುತ್ತದೆ, ದೂರ ಕಡಿಮೆಯಾದಷ್ಟೂ ಅದೇ ಪ್ರಯಾಣವಾಗಿಬಿಡುತ್ತದೆ. ಸೈಕಲ್ ಸವಾರರು ‘ನಾವೇ ಬೇಗ ತಲುಪುತ್ತೇವೆ’ ಎಂದು ಹೇಳಿದರೆ ಕಾರಿನವರು ನಂಬುವುದಿಲ್ಲ, ಏಕೆಂದರೆ ಕಾರು ಹತ್ತಿದ ಕ್ಷಣದಿಂದ ಇಳಿಯುವ ಕ್ಷಣದವರೆಗಿನ ಹೊತ್ತನ್ನು ಮಾತ್ರ ಅವರು ಎಣಿಸುತ್ತಾರೆ.

ಎರಡನೆಯದು ಎಂಜಿನ್ನಿನ ಲೆಕ್ಕ. ಇದರ ಬಗ್ಗೆ ಸೈಕಲ್ ಸವಾರರಿಗಿಂತ ಗ್ಯಾರೇಜಿನ ಮೆಕ್ಯಾನಿಕ್‌ಗಳು ಚೆನ್ನಾಗಿ ಮಾತನಾಡುತ್ತಾರೆ. ತಣ್ಣಗಿರುವ ಪೆಟ್ರೋಲ್ ಎಂಜಿನ್ನನ್ನು ಚಾಲೂ ಮಾಡಿದಾಗ ಅದು ಸ್ವಲ್ಪ ಹೊತ್ತು ಹೆಚ್ಚು ಇಂಧನವನ್ನು ಕುಡಿಯುತ್ತದೆ. ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶುದ್ಧೀಕರಣ ಸಾಧನವು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ; ಅಲ್ಲಿಯವರೆಗೆ ಕಾರ್ಬನ್ ಮಾನಾಕ್ಸೈಡು, ಅರೆಸುಟ್ಟ ಹೈಡ್ರೋಕಾರ್ಬನ್‌ಗಳು ಹೆಚ್ಚೂಕಡಿಮೆ ಹಾಗೆಯೇ ಹೊರಬರುತ್ತವೆ. ಎಂಜಿನ್ ಪೂರ್ತಿ ಬಿಸಿಯಾಗಿ ತನ್ನ ಒಳ್ಳೆಯ ಸ್ಥಿತಿಗೆ ಬರಬೇಕಾದರೆ ಕೆಲವು ಕಿಲೋಮೀಟರ್ ಓಡಬೇಕು. ಒಂದು ಕಿಲೋಮೀಟರ್ ಹೋಗಿ ನಿಲ್ಲಿಸುವ ಕಾರು ಆ ಸ್ಥಿತಿಗೆ ಬರುವುದೇ ಇಲ್ಲ. ಯುರೋಪಿನ ಚಳಿಗಾಲಕ್ಕೆ ಹೋಲಿಸಿದರೆ ಬೆಂಗಳೂರಿನ ಹವೆಯಲ್ಲಿ ಈ ನಷ್ಟ ಕಡಿಮೆ, ನಿಜ. ಆದರೂ ದಿನಕ್ಕೆ ನಾಲ್ಕು ಸಲ ಚಾಲೂ ಆಗಿ ನಾಲ್ಕು ಸಲ ನಿಲ್ಲುವ ಕಾರಿನ ಎಣ್ಣೆಯಲ್ಲಿ ನೀರಿನಂಶ ಸೇರಿ ಉಳಿಯುತ್ತದೆ, ಬ್ಯಾಟರಿ ಕಳೆದುಕೊಂಡಷ್ಟನ್ನು ಮರಳಿ ತುಂಬಿಕೊಳ್ಳಲು ಅವಕಾಶ ಸಿಗುವುದಿಲ್ಲ.

2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಇನ್ನೊಂದು ತೊಂದರೆ ಎದುರಾಯಿತು. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಸೋಸುಕವೊಂದು ಈ ಕಾರುಗಳಲ್ಲಿದೆ. ಹಿಡಿದಿಟ್ಟ ಮಸಿಯನ್ನು ಸುಡಲು ಹೊಗೆ ಬಹಳ ಬಿಸಿಯಾಗಬೇಕು. ಅದಕ್ಕೆ ಕಾರು ಹೆದ್ದಾರಿಯಂಥ ಕಡೆ ಒಂದೇ ವೇಗದಲ್ಲಿ ಕೆಲವು ನಿಮಿಷವಾದರೂ ಓಡಬೇಕು. ಬಡಾವಣೆಯೊಳಗೇ ಸುತ್ತುವ ಕಾರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಮಾಲೀಕರು ‘ಹೊಸ ಕಾರು, ಇಷ್ಟು ಬೇಗ ಏಕೆ ಹೀಗಾಯಿತು’ ಎಂದು ಸರ್ವೀಸ್ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಕೊಡುವ ಸಲಹೆ ‘ವಾರಕ್ಕೊಮ್ಮೆ ಹೈವೇಯಲ್ಲಿ ಓಡಿಸಿ’ ಎಂಬುದು. ಹತ್ತಿರದ ಓಡಾಟ ಆ ಯಂತ್ರಕ್ಕೂ ಒಗ್ಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ವಿದ್ಯುತ್ ಕಾರು ಈ ಹೊಗೆಯ ಲೆಕ್ಕವನ್ನು ಬಹುಮಟ್ಟಿಗೆ ಬಗೆಹರಿಸುತ್ತದೆ. ಮುಂದೆ ಬರುವ ಜಾಗದ ಲೆಕ್ಕವನ್ನು ಒಂದು ಅಂಗುಲದಷ್ಟೂ ಬಗೆಹರಿಸುವುದಿಲ್ಲ.

ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು ಎಂದು ನಮ್ಮ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ಎಂಟು ಹತ್ತು ಸೈಕಲ್ಲುಗಳು ನಿಲ್ಲುತ್ತವೆ. ಮನೆಯ ಮುಂದೆ ಒಂದು ಜಾಗ, ಹೋದ ಕಡೆ ಇನ್ನೊಂದು ಜಾಗ, ಹೀಗೆ ಪ್ರತಿಯೊಂದು ಕಾರಿಗೂ ನಗರದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ನೆಲ ಕಾದಿರಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿ ಕೆಲವು ವರ್ಷಗಳೇ ಆದವು. ಅದರಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು, ಕಾರುಗಳು ಅವುಗಳಿಗಿಂತ ಬಹಳ ಕಡಿಮೆ. ಆದರೂ ರಸ್ತೆಯ ಅಂಚನ್ನು ನುಂಗಿರುವುದು ಕಾರುಗಳೇ. ಅರವತ್ತು ಅಡಿ ರಸ್ತೆಯಲ್ಲಿ ಎರಡೂ ಬದಿ ಕಾರು ನಿಂತರೆ ಸೈಕಲ್ ಸವಾರರು ಎಡಬದಿಯಿಂದ ರಸ್ತೆಯ ನಡುಭಾಗಕ್ಕೆ ಬರಬೇಕಾಗುತ್ತದೆ; ನಿಂತ ಕಾರಿನ ಬಾಗಿಲು ಯಾವಾಗ ತೆರೆದೀತೆಂದು ಒಂದು ಕಣ್ಣು ಅಲ್ಲಿ, ಹಿಂದಿನಿಂದ ಬರುವ ಕಾರಿನ ಹಾರ್ನಿಗೆ ಒಂದು ಕಿವಿ ಇಲ್ಲಿ.

ಈ ಜಾಗದ ಜಗಳದಲ್ಲಿ ಸೈಕಲ್ ಹೇಗೆ ಸೋಲುತ್ತದೆ ಎಂಬುದನ್ನು ಬೆಂಗಳೂರು ಎರಡು ಸಲ ಕಣ್ಣಾರೆ ಕಂಡಿದೆ. ಸುಮಾರು 2012ರ ಹೊತ್ತಿಗೆ ಜಯನಗರದ ರಸ್ತೆಗಳ ಬದಿಯಲ್ಲಿ ಸೈಕಲ್ ಪಥಗಳನ್ನು ಗುರುತಿಸಲಾಯಿತು. ಅಗಲವಾದ ರಸ್ತೆ, ಮರಗಳ ನೆರಳು, ಚೌಕಾಕಾರದ ಬ್ಲಾಕುಗಳು, ಪ್ರತಿ ಬ್ಲಾಕಿಗೂ ಅಂಗಡಿ, ಶಾಲೆ, ಉದ್ಯಾನ, ಹತ್ತಿರದ ಓಡಾಟಕ್ಕೆ ಇದಕ್ಕಿಂತ ಒಳ್ಳೆಯ ಬಡಾವಣೆ ಸಿಗಲಾರದು. ಆದರೆ ಬಣ್ಣ ಬಳಿದ ಆ ಪಥಗಳ ಮೇಲೆ ಕಾರುಗಳು ನಿಂತವು, ನಿಂತೇ ಇದ್ದವು. ದಂಡ ಹಾಕುವವರಿರಲಿಲ್ಲ, ತಡೆಗೋಡೆ ಇರಲಿಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣವೂ ಹೋಯಿತು. ಎರಡನೆಯ ಸಲ 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ಕಾಲದಲ್ಲಿ ಸೈಕಲ್ ಮಾರಾಟ ಏರಿದ್ದಾಗ, ಕೇಂದ್ರ ಸರ್ಕಾರ ನಗರಗಳಿಗೆ ಒಡ್ಡಿದ ‘ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆಯ ಭಾಗವಾಗಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಉದ್ದದ ತಾತ್ಕಾಲಿಕ ಸೈಕಲ್ ಪಥವನ್ನು ಹೊರವರ್ತುಲ ರಸ್ತೆಯಲ್ಲಿ ಯೋಜಿಸಿ ಕೆಲಸ ಆರಂಭಿಸಲಾಯಿತು. ಪ್ಲಾಸ್ಟಿಕ್ ಗೂಟಗಳನ್ನು ನೆಟ್ಟು ಪ್ರತ್ಯೇಕಿಸಿದ್ದ ಪಥ ಅದು. ಗೂಟಗಳು ಮುರಿದವು, ಬೈಕುಗಳು ಒಳನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂದು ಉಳಿದದ್ದೂ ಅಳಿಯಿತು. ಸ್ಪರ್ಧೆಯಲ್ಲಿ 2021ರಲ್ಲಿ ಗೆದ್ದ 11 ನಗರಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಇತ್ತು.

ಇಷ್ಟು ಲೆಕ್ಕ. ಇನ್ನು ತೀರ್ಪಿನ ಮಾತಿಗೆ ಬರೋಣ. ‘ಇವರಿಗೆ ಸೋಮಾರಿತನ’, ‘ಇವರಿಗೆ ದೊಡ್ಡಸ್ತಿಕೆ’ ಎಂಬ ಎರಡು ಮಾತುಗಳು ಸೈಕಲ್ ಸವಾರರ ಬಾಯಲ್ಲಿ ಸದಾ ಇರುತ್ತವೆ. ಈ ಎರಡೂ ಮಾತುಗಳು ಯಾರ ಮೇಲೆ ಬೀಳುತ್ತವೆ ಎಂದು ಒಮ್ಮೆ ನಿಂತು ನೋಡಿದರೆ ನನಗೆ ಮೊದಲು ಕಾಣುವುದು ಎಪ್ಪತ್ತು ವರ್ಷದ, ಮಂಡಿ ನೋವಿನ ಒಬ್ಬ ಅಜ್ಜಿ. ಅವರ ಪಾಲಿಗೆ ಮಗನ ಕಾರು ಐಷಾರಾಮದ ವಸ್ತುವಲ್ಲ, ಅದು ಅವರ ಕಾಲು. ಡಯಾಲಿಸಿಸ್‌ಗೆ ಹೋಗುವವರು, ಗಾಲಿಕುರ್ಚಿಯಲ್ಲಿರುವವರು, ಬಾಣಂತಿ, ಕೈಗೂಸು ಇರುವ ತಾಯಿ, ಇವರೆಲ್ಲರ ಅರ್ಧ ಕಿಲೋಮೀಟರ್ ನಮ್ಮ ಅರ್ಧ ಕಿಲೋಮೀಟರ್ ಆಗಿರುವುದಿಲ್ಲ. ಕಾರಿನ ಗಾಜಿನೊಳಗೆ ಯಾರಿದ್ದಾರೆ, ಏಕೆ ಹೋಗುತ್ತಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಕಾಣದ್ದರ ಮೇಲೆ ತೀರ್ಪು ಕೊಡುವ ಅಭ್ಯಾಸವನ್ನು ಸೈಕಲ್ ಸವಾರರು ಬಿಡಬೇಕು. ಇದನ್ನು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತಿದ್ದೇನೆ.

ಎರಡನೆಯದು ಊರಿನ ಆಕಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದ ಹೊತ್ತಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಡ್ಡರಸ್ತೆ, ಮುಖ್ಯರಸ್ತೆಗಳು ಹೆಣೆದ ಚಾಪೆಯಂತೆ ಒಂದನ್ನೊಂದು ಹಾಯುತ್ತವೆ. ಗಾಂಧಿ ಬಜಾರಿಗೆ ಹೋಗಲು ನಾಲ್ಕು ದಾರಿಗಳಿವೆ, ಅದರಲ್ಲಿ ಎರಡಾದರೂ ಶಾಂತವಾದ ದಾರಿಗಳು. ಸರ್ಜಾಪುರ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ಹೋದರೆ ಆ ಹೆಣಿಗೆ ಇಲ್ಲ. ಕಾಂಪೌಂಡ್ ಕಟ್ಟಿಕೊಂಡ ಬಡಾವಣೆಗಳು ಒಳರಸ್ತೆಗಳನ್ನು ಗೇಟಿನ ಹಿಂದೆ ಇಟ್ಟುಕೊಂಡಿವೆ. ಗೋಡೆಯಾಚೆ ಕಾಣುವ ಅಂಗಡಿಗೆ ಮುಖ್ಯರಸ್ತೆಯ ಮೂಲಕ ಸುತ್ತಿ ಹೋಗಬೇಕು. ಹಕ್ಕಿ ಹಾರಿದರೆ ನಾನೂರು ಮೀಟರ್ ಆಗುವ ದಾರಿ ಮನುಷ್ಯರಿಗೆ ಎರಡು ಕಿಲೋಮೀಟರ್ ಆಗುತ್ತದೆ, ಅದೂ ನೀರಿನ ಟ್ಯಾಂಕರ್‌ಗಳು ಓಡಾಡುವ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ. ಅಲ್ಲಿ ಕಾರು ತೆಗೆಯುವವರನ್ನು ಸೋಮಾರಿ ಎನ್ನುವುದು ಅನ್ಯಾಯ. ಹತ್ತಿರದ್ದನ್ನು ದೂರ ಮಾಡಿದವರು ನಕ್ಷೆಗೆ ಒಪ್ಪಿಗೆ ಕೊಟ್ಟವರು.

ಮೂರನೆಯ ಕಾರಣ ಭಯ. ಇದನ್ನು ಸೈಕಲ್ ಸವಾರರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು, ಆದರೂ ವಾದಕ್ಕೆ ನಿಂತಾಗ ಮರೆತುಬಿಡುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಪಾದಚಾರಿಗಳು 32 ಸಾವಿರಕ್ಕೂ ಹೆಚ್ಚು, ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು. ಸೈಕಲ್ ತುಳಿಯದ ಒಬ್ಬರನ್ನು ಏಕೆ ತುಳಿಯುವುದಿಲ್ಲ ಎಂದು ಕೇಳಿದರೆ ದೊರೆಯುವ ಮೊದಲ ಉತ್ತರ ಬಿಸಿಲೂ ಅಲ್ಲ, ಏರೂ ಅಲ್ಲ, ‘ಈ ಟ್ರಾಫಿಕ್ಕಿನಲ್ಲಾ?’ ಎಂಬ ಮರುಪ್ರಶ್ನೆ. ಸಂಜೆ ಏಳರ ನಂತರ ಬೀದಿದೀಪವಿಲ್ಲದ ಅಡ್ಡರಸ್ತೆಯಲ್ಲಿ ಹೆಣ್ಣುಮಕ್ಕಳಿಗೆ ಇರುವ ಆತಂಕ ಬೇರೆ, ಬೆನ್ನಟ್ಟಿ ಬರುವ ನಾಯಿಗಳ ಆತಂಕ ಬೇರೆ. ಸೀರೆ ಉಟ್ಟು ಹತ್ತಲು ಬಾರದ, ಅಡ್ಡಕಂಬಿಯ ಗೇರ್ ಸೈಕಲ್ಲುಗಳನ್ನೇ ಮುಂದಿಟ್ಟು ಮಾರುವ ಅಂಗಡಿಗಳೂ ಈ ಹೊರಗಿಡುವಿಕೆಯಲ್ಲಿ ಪಾಲುದಾರರು.

ಹಾಗಾದರೆ ಸೈಕಲ್ ಸವಾರರ ತೀರ್ಪು ಪೂರ್ತಿ ತಪ್ಪೇ ಎಂದರೆ, ಅಲ್ಲ. ಅದು ಸರಿಯಾಗಿ ಬೀಳುವ ಒಂದು ಜಾಗವಿದೆ. ಬೆಳಿಗ್ಗೆ ಏಳೂಮುಕ್ಕಾಲರಿಂದ ಎಂಟೂವರೆಯವರೆಗೆ ಯಾವುದಾದರೂ ದೊಡ್ಡ ಖಾಸಗಿ ಶಾಲೆಯ ಗೇಟಿನ ಬಳಿ ನಿಂತು ನೋಡಬೇಕು. ಒಂದೊಂದು ಕಾರಿನಿಂದ ಒಂದೊಂದು ಮಗು ಇಳಿಯುತ್ತದೆ. ಎರಡು ಸಾಲು ಕಾರು ನಿಂತು ಮೂರನೆಯ ಸಾಲಿನಲ್ಲಿ ಬಾಗಿಲು ತೆರೆಯುತ್ತದೆ; ಮಗು ಕಾರುಗಳ ನಡುವಿನ ಸಂದಿಯಲ್ಲಿ ಬ್ಯಾಗು ಹೊತ್ತು ನುಸುಳುತ್ತದೆ; ಹಿಂದೆ ಶಾಲಾ ಬಸ್ಸು, ಆಟೊ, ಆಂಬುಲೆನ್ಸ್ ಯಾವುದಿದ್ದರೂ ಕಾಯುತ್ತದೆ. ಅಲ್ಲಿರುವ ತಂದೆತಾಯಿಯರನ್ನು ಮಾತನಾಡಿಸಿದರೆ ಹಲವರ ಮನೆ ಒಂದೆರಡು ಕಿಲೋಮೀಟರ್ ಒಳಗೇ ಇರುತ್ತದೆ. ಮಗುವನ್ನು ನಡೆಸಿಕೊಂಡು ಅಥವಾ ಸೈಕಲ್ಲಿನಲ್ಲಿ ಏಕೆ ಕಳಿಸುವುದಿಲ್ಲ ಎಂದರೆ, ಶಾಲೆಯ ಮುಂದೆ ಇಷ್ಟೊಂದು ಕಾರುಗಳಿವೆ, ಅಪಾಯ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ತಾವು ಯಾವ ಅಪಾಯಕ್ಕೆ ಹೆದರಿ ಕಾರು ತಂದರೋ ಆ ಅಪಾಯದಲ್ಲಿ ತಮ್ಮ ಕಾರೂ ಒಂದು ಎಂಬುದು ಅವರಿಗೆ ಕಾಣುವುದಿಲ್ಲ, ಅಷ್ಟೇ.

ಈ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಗುವಿನ ಮಟ್ಟಿಗೆ ಸರಿಯಾದ ನಿರ್ಧಾರವನ್ನೇ ತೆಗೆದುಕೊಂಡಿರುತ್ತಾರೆ. ಎಲ್ಲರ ಸರಿಯಾದ ನಿರ್ಧಾರಗಳೂ ಕೂಡಿ ಆ ಬೀದಿ ಎಲ್ಲ ಮಕ್ಕಳಿಗೂ ಅಪಾಯದ್ದಾಗುತ್ತದೆ. ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಕಾರಿಲ್ಲದ ಮನೆಯ ಮಗು, ಅದೇ ಗೇಟಿಗೆ ನಡೆದು ಬರುವ ಮಗು. ಹತ್ತಿರದ ಓಡಾಟಕ್ಕೆ ಕಾರು ಬಳಸುವವರು ‘ನನ್ನ ಕಾರು, ನನ್ನ ಪೆಟ್ರೋಲು’ ಎಂದು ಹೇಳಲಾಗದ ಜಾಗವಿದ್ದರೆ ಅದು ಇದೇ. ಇಲ್ಲಿ ಸೈಕಲ್ ಸವಾರರ ಸಿಟ್ಟನ್ನು ನಾನು ಯಾವ ವಿನಾಯಿತಿಯೂ ಇಲ್ಲದೆ ಎತ್ತಿ ಹಿಡಿಯುತ್ತೇನೆ, ಏಕೆಂದರೆ ಕಾರಿನೊಳಗಿನವರ ಭದ್ರತೆಯ ಬೆಲೆಯನ್ನು ಹೊರಗಿರುವ ಮಗು ತೆರುತ್ತಿದೆ.

ಇದನ್ನು ಬರೆಯುವಾಗ ಕರ್ನಾಟಕದ ಇನ್ನೊಂದು ಚಿತ್ರ ಕಣ್ಮುಂದೆ ಬರುತ್ತದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ತಂದಿತು. ಮೊದಲು ಬಡ ಕುಟುಂಬದ ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮುಗಿದ ಮೇಲೆ ಹೈಸ್ಕೂಲು ಮೂರು ನಾಲ್ಕು ಕಿಲೋಮೀಟರ್ ದೂರದ ಊರಿನಲ್ಲಿರುತ್ತದೆ, ಬಸ್ಸು ಆ ಹೊತ್ತಿಗೆ ಬರುವುದಿಲ್ಲ, ಆಗ ಓದು ನಿಲ್ಲುವುದು ಮೊದಲು ಹುಡುಗಿಯದು. ಆ ಅಂತರವನ್ನು ದಾಟಿಸಲು ಕೊಟ್ಟ ಸೈಕಲ್ಲುಗಳು ಅವು. ಬೆಳಗಿನ ಹೊತ್ತು ಉತ್ತರ ಕರ್ನಾಟಕದ ಯಾವುದಾದರೂ ತಾಲ್ಲೂಕು ರಸ್ತೆಯಲ್ಲಿ ಹೋದವರು ಸಮವಸ್ತ್ರದ ಹುಡುಗಿಯರು ಸಾಲಾಗಿ, ಒಬ್ಬಳ ಹಿಂದೆ ಕ್ಯಾರಿಯರ್ ಮೇಲೆ ಇನ್ನೊಬ್ಬಳನ್ನು ಕೂರಿಸಿಕೊಂಡು ತುಳಿಯುವುದನ್ನು ಕಂಡೇ ಇರುತ್ತಾರೆ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ನಾಲ್ಕು ಕಿಲೋಮೀಟರನ್ನು ಹದಿಮೂರರ ಹುಡುಗಿ ತಾನೇ ತುಳಿದು ದಾಟಬಲ್ಲಳು ಎಂಬ ನಂಬಿಕೆಯ ಮೇಲೆ ಸರ್ಕಾರ ಹಣ ಹೂಡಿದ ರಾಜ್ಯ ಇದು. ಅದೇ ರಾಜ್ಯದ ರಾಜಧಾನಿಯಲ್ಲಿ ಅದೇ ವಯಸ್ಸಿನ ಮಗುವಿಗೆ ಒಂದು ಕಿಲೋಮೀಟರ್ ದಾಟಲು ಕಾರು, ಚಾಲಕ, ಅರ್ಧ ಗಂಟೆಯ ಸರದಿ ಬೇಕಾಗಿವೆ. ಮಕ್ಕಳ ಕಾಲಲ್ಲಿ ವ್ಯತ್ಯಾಸವಿಲ್ಲ, ರಸ್ತೆಯಲ್ಲಿದೆ.

ಸೈಕಲ್ ಸವಾರರು ಎಂಬ ಪದವನ್ನು ಇಲ್ಲಿಯವರೆಗೆ ಒಂದೇ ಗುಂಪೆಂಬಂತೆ ಬಳಸಿದೆ. ಅದು ಸರಿಯಲ್ಲ. 2011ರ ಜನಗಣತಿಯಲ್ಲಿ ಕೃಷಿ ಹಾಗೂ ಮನೆಕೈಗಾರಿಕೆಯ ಹೊರಗಿನ ಕೆಲಸಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಲಾಗಿತ್ತು. ದೇಶದಲ್ಲಿ ಶೇ 22ಕ್ಕೂ ಹೆಚ್ಚು ಮಂದಿ ನಡೆದು, ಶೇ 13ರಷ್ಟು ಮಂದಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಕಾರು, ಜೀಪು, ವ್ಯಾನಿನಲ್ಲಿ ಹೋಗುವವರು ಶೇ 3ಕ್ಕಿಂತ ಕಡಿಮೆ. ಆ ಶೇ 13ರಲ್ಲಿ ಹೆಚ್ಚಿನವರು ಹೆಲ್ಮೆಟ್ ಹಾಕಿ, ಬೆಳಗಿನ ಸವಾರಿಯ ಚಿತ್ರ ಹಂಚಿಕೊಳ್ಳುವವರಲ್ಲ. ಕಟ್ಟಡದ ಕೆಲಸಗಾರರು, ರಾತ್ರಿಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡುಗಳು, ಪತ್ರಿಕೆ ಹಾಕುವ ಹುಡುಗರು, ಕ್ಯಾರಿಯರ್ ಮೇಲೆ ಫ್ಲಾಸ್ಕು ಕಟ್ಟಿಕೊಂಡು ಟೀ ಮಾರುವವರು. ಹತ್ತಿರಕ್ಕೆ ಕಾರು ತೆಗೆಯುವವರ ಬಗ್ಗೆ ಇವರ ಅಭಿಪ್ರಾಯ ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ‘ಇದ್ದವರು ಓಡಿಸುತ್ತಾರೆ ಸ್ವಾಮಿ, ನಮಗಿದ್ದರೆ ನಾವೂ ಓಡಿಸುತ್ತಿದ್ದೆವು’ ಎಂಬ ಧಾಟಿಯ ಉತ್ತರ. ಅವರಿಗೆ ಸೈಕಲ್ ಆಯ್ಕೆಯ ವಸ್ತುವಲ್ಲ; ಒಂದು ಬೈಕು ಕೊಳ್ಳುವವರೆಗಿನ ಸಾಧನ.

ಅವರ ಉತ್ತರದಲ್ಲಿ ಒಂದು ಮುಖ್ಯವಾದ ಸುಳಿವಿದೆ ಎಂದು ನನಗೆ ತೋರುತ್ತದೆ. ನಮ್ಮಲ್ಲಿ ಹತ್ತಿರದ ಓಡಾಟಕ್ಕೂ ಕಾರು ಬಳಸುವುದರ ಹಿಂದೆ ಮರ್ಯಾದೆಯ ಪ್ರಶ್ನೆ ಇದೆ. ಕಾರಿನಲ್ಲಿ ಬಂದರೆ ಗೇಟಿನ ಗಾರ್ಡ್ ಸೆಲ್ಯೂಟ್ ಹೊಡೆದು ತಡೆಕಂಬ ಎತ್ತುತ್ತಾನೆ. ಸೈಕಲ್ಲಿನಲ್ಲಿ ಬಂದರೆ ‘ಎಲ್ಲಿಗೆ?’ ಎಂದು ಕೇಳುತ್ತಾನೆ, ಹಿಂದಿನ ಬಾಗಿಲ ಕಡೆಗೆ ಕೈ ತೋರಿಸುತ್ತಾನೆ. ಮಾಲಿನಲ್ಲಿ, ಮದುವೆ ಮಂಟಪದಲ್ಲಿ, ಆಸ್ಪತ್ರೆಯಲ್ಲಿ, ಕಚೇರಿ ಸಂಕೀರ್ಣದಲ್ಲಿ ಸೈಕಲ್ ನಿಲ್ಲಿಸಿ ಬೀಗ ಹಾಕಲು ಒಂದು ಕಬ್ಬಿಣದ ಕಂಬಿಯೂ ಇರುವುದಿಲ್ಲ. ನನಗೇ ಒಂದು ಕಡೆ ‘ಸೈಕಲ್ ಒಳಗೆ ಬಿಡುವುದಿಲ್ಲ’ ಎಂದು ಹೇಳಿ, ನಾನು ವಾದಿಸುತ್ತಿದ್ದಾಗಲೇ ನಾಲ್ಕು ಕಾರುಗಳನ್ನು ಒಳಗೆ ಬಿಟ್ಟರು. ಆ ಗಾರ್ಡ್ ಕೂಡ ಸೈಕಲ್ಲಿನಲ್ಲೇ ಕೆಲಸಕ್ಕೆ ಬಂದವನು, ಅವನ ಸೈಕಲ್ ಕಾಂಪೌಂಡಿನ ಹೊರಗೆ ಮರಕ್ಕೆ ಒರಗಿತ್ತು. ನಿಯಮ ಅವನದಾಗಿರಲಿಲ್ಲ. ನಿತ್ಯವೂ ಈ ಪಾಠ ಕಲಿಸುವ ಊರಿನಲ್ಲಿ, ಕೈಯಲ್ಲಿ ನಾಲ್ಕು ಕಾಸು ಸೇರಿದ ಕೂಡಲೇ ಜನ ಮೊದಲು ಬಿಡುವುದು ಸೈಕಲ್ಲನ್ನು ಎಂಬುದರಲ್ಲಿ ಆಶ್ಚರ್ಯವೇನಿದೆ? ಆಯ್ಕೆಯಿಂದ ಸೈಕಲ್ ತುಳಿಯುವವರು ಕಾರಿನವರನ್ನು ಟೀಕಿಸುವ ಮೊದಲು ಅನಿವಾರ್ಯದಿಂದ ತುಳಿಯುವವರಿಗೆ ಆ ಮರ್ಯಾದೆ ಸಿಗುವಂತೆ ಹೋರಾಡಿದ್ದರೆ ನಮ್ಮ ಮಾತಿಗೆ ತೂಕ ಹೆಚ್ಚುತ್ತಿತ್ತು.

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರವೇ 2020ರಲ್ಲಿ ಪ್ರಕಟಿಸಿದ ಯೋಜನೆಯೊಂದು, 2018ರಲ್ಲಿ ಅಲ್ಲಿನ ಕಾರು ಪ್ರಯಾಣಗಳಲ್ಲಿ ಶೇ 58ರಷ್ಟು ಐದು ಮೈಲಿ, ಅಂದರೆ ಎಂಟು ಕಿಲೋಮೀಟರ್, ಒಳಗಿನವು ಎಂದು ಹೇಳಿತ್ತು. ಸೈಕಲ್ ದೇಶವೆಂದು ಹೆಸರಾದ ನೆದರ್ಲೆಂಡ್ಸ್‌ ಕೂಡ ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಸಾವಿನ ವಿರುದ್ಧ ತಂದೆತಾಯಿಯರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅದಕ್ಕೆ ಜೊತೆಯಾಯಿತು. ಆಮೇಲೆ ದಶಕಗಳ ಕಾಲ ರಸ್ತೆಗಳನ್ನು ಬದಲಿಸಿದ್ದರಿಂದ ಇಂದು ಅಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪ್ರಯಾಣಗಳು ಸೈಕಲ್ಲಿನಲ್ಲಿ ನಡೆಯುತ್ತವೆ. ಅಲ್ಲಿನವರು ನಮಗಿಂತ ಶ್ರಮಜೀವಿಗಳು ಎಂದೇನಲ್ಲ. ಅಲ್ಲಿ ಸೈಕಲ್ ತೆಗೆಯುವುದೇ ಕಡಿಮೆ ಶ್ರಮದ ಕೆಲಸವಾಗುವಂತೆ ಊರನ್ನು ತಿದ್ದಿದರು.

ನಮ್ಮಲ್ಲೂ ಪ್ರಯತ್ನಗಳು ಇಲ್ಲದಿಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಸೇವೆ 450 ಸೈಕಲ್ಲುಗಳೊಂದಿಗೆ ಊರಿನ ಓಡಾಟದ ಭಾಗವಾಯಿತು. ಮನೆಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಅರಮನೆಯ ಸುತ್ತಮುತ್ತಲಿಗೆ ಹೋಗುವ ಸಣ್ಣ ದೂರಗಳಿಗೆಂದೇ ರೂಪಿಸಿದ ವ್ಯವಸ್ಥೆ ಅದು. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2020ರ ಕೊನೆಯಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳಿಗೆ ಮುಚ್ಚಲಾಗಿತ್ತು. ನಮ್ಮ ಮೆಟ್ರೊದಲ್ಲಿ 2022ರ ನವೆಂಬರ್‌ನಿಂದ ಮಡಚುವ ಸೈಕಲ್ಲುಗಳನ್ನು ಒಯ್ಯಲು ಅವಕಾಶವಿದೆ. ನಡೆಯುವವರ, ಸೈಕಲ್ ತುಳಿಯುವವರ ಹಕ್ಕನ್ನು ಕಾನೂನಿನಲ್ಲಿ ಬರೆಯುವ ಮಸೂದೆಯ ಕರಡನ್ನು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ಸಿದ್ಧಪಡಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಅದೇ ದಿನ ಸಣ್ಣ ಕಾರುಗಳ ಮೇಲಿನದು ಶೇ 28ರಿಂದ 18ಕ್ಕೆ ಇಳಿಯಿತು. ರೂಪಾಯಿಯ ಲೆಕ್ಕದಲ್ಲಿ ಉಳಿತಾಯ ಯಾರಿಗೆ ಹೆಚ್ಚಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಬಲ್ಲ ಕ್ರಮ ಸೈಕಲ್ಲಿಗೆ ನೇರವಾಗಿ ಸಂಬಂಧಿಸಿದ್ದೇ ಅಲ್ಲ. ಅದು ನಿಲುಗಡೆಯ ಶುಲ್ಕ. ಬೆಂಗಳೂರಿನ ಹೊಸ ನಿಲುಗಡೆ ನೀತಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಬಡಾವಣೆಗಳ ಬೀದಿಬದಿಯಲ್ಲಿ ಇಂದಿಗೂ ಬಹುತೇಕ ಕಡೆ ಪುಕ್ಕಟೆಯಾಗಿ ಕಾರು ನಿಲ್ಲಿಸಬಹುದು. ಅರ್ಧ ಕಿಲೋಮೀಟರ್ ದೂರಕ್ಕೆ ಕಾರು ತೆಗೆಯುವ ಮನಸ್ಸು ಬರುವುದು ಅಲ್ಲಿ ಹೋದ ಮೇಲೆ ಪುಕ್ಕಟೆ ಜಾಗ ಸಿಕ್ಕೀತೆಂಬ ಭರವಸೆಯಿಂದ. ಇಪ್ಪತ್ತು ಕಿಲೋಮೀಟರ್ ದೂರದಿಂದ ಬರುವವರಿಗೆ ಗಂಟೆಗೆ ಮೂವತ್ತು ರೂಪಾಯಿ ಶುಲ್ಕ ದೊಡ್ಡದೆನ್ನಿಸದು. ಕೊತ್ತಂಬರಿ ಸೊಪ್ಪಿಗೆ ಬಂದವರಿಗೆ ಖಂಡಿತ ಅನ್ನಿಸುತ್ತದೆ. ಹತ್ತಿರದ ಓಡಾಟವನ್ನೇ ಗುರಿಯಾಗಿಸಿ ಮುಟ್ಟುವ, ದೂರದವರನ್ನು ಹೆಚ್ಚು ಬಾಧಿಸದ ಇಂಥ ಇನ್ನೊಂದು ಸಾಧನ ನನಗೆ ಕಾಣುತ್ತಿಲ್ಲ. ಅಂಗವಿಕಲರಿಗೆ, ಹಿರಿಯರಿಗೆ ಅಂಗಡಿ, ಆಸ್ಪತ್ರೆಗಳ ಎದುರು ಶುಲ್ಕವಿಲ್ಲದ ಜಾಗ ಮೀಸಲಿಡುವುದೂ ಆಗ ಸಾಧ್ಯವಾಗುತ್ತದೆ. ಇಂದು ಎಲ್ಲರಿಗೂ ಪುಕ್ಕಟೆಯಾಗಿರುವುದರಿಂದಲೇ ಅವರಿಗೆ ಜಾಗ ಸಿಗುತ್ತಿಲ್ಲ.

ಇದರ ನಡುವೆ ಹತ್ತಿರದ ಓಡಾಟದ ಸ್ವರೂಪವೇ ಬದಲಾಗುತ್ತಿರುವುದನ್ನೂ ಗಮನಿಸಬೇಕು. ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಆ್ಯಪ್‌ಗಳು ಬಂದ ಮೇಲೆ ನಾವು ಅಂಗಡಿಗೆ ಹೋಗುವ ಆ ಒಂದು ಕಿಲೋಮೀಟರನ್ನು ಇನ್ನೊಬ್ಬ ಹುಡುಗ ನಮಗಾಗಿ ಓಡುತ್ತಿದ್ದಾನೆ, ಹಲವು ಕಡೆ ಬಾಡಿಗೆಯ ಪುಟ್ಟ ವಿದ್ಯುತ್ ಬೈಕಿನಲ್ಲಿ. ಕಾರು ಮನೆಯಲ್ಲೇ ಉಳಿಯಿತೆಂದು ಸಂತೋಷಪಡುವಂತಿಲ್ಲ, ಏಕೆಂದರೆ ಕಾರು ಮಾಡುತ್ತಿದ್ದ ಅವಸರವನ್ನು ಈಗ ಆ ಹುಡುಗನ ಬೆನ್ನಿಗೆ ಕಟ್ಟಿದ್ದೇವೆ. ಅಪಘಾತವಾದರೆ ಬೀಳುವುದೂ ಅವನೇ. ನಡೆಯುವವರು, ಸೈಕಲ್ಲಿನವರು ವಾಹನಗಳೊಂದಿಗೆ ಬೆರೆತು ಸಾಗುವ ಕಡೆ ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದೆಂದು ರಸ್ತೆ ಸುರಕ್ಷತೆಯ ಕುರಿತ 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ ಶಿಫಾರಸು ಮಾಡಿದ್ದು ನಡೆಯುವವರ, ಸೈಕಲ್ಲಿನವರ, ಇಂಥ ಹುಡುಗರ ಜೀವವನ್ನು ಮುಂದಿಟ್ಟುಕೊಂಡೇ.

ಎಲ್ಲಿಂದ ತೊಡಗಬೇಕು ಎಂದು ಕೇಳಿದರೆ ನಾನು ಶಾಲೆಯ ಬೀದಿಯನ್ನೇ ತೋರಿಸುತ್ತೇನೆ. ಲಂಡನ್, ಪ್ಯಾರಿಸ್‌ಗಳಲ್ಲಿ ನೂರಾರು ಶಾಲೆಗಳ ಮುಂದಿನ ಬೀದಿಗೆ ಕಾರುಗಳು ಬಾರದಂತೆ ತಡೆಯಲಾಗುತ್ತದೆ. ಕೆಲವು ಕಡೆ ಬೆಳಿಗ್ಗೆ, ಮಧ್ಯಾಹ್ನ ಶಾಲೆ ಸೇರುವ, ಬಿಡುವ ಹೊತ್ತಿಗೆ ಮಾತ್ರ, ಕೆಲವು ಕಡೆ ಶಾಶ್ವತವಾಗಿಯೇ. ದೂರದಿಂದ ಬರುವವರು ಬೀದಿಯ ಕೊನೆಯಲ್ಲಿ ಇಳಿಸಿ ಹೋಗುತ್ತಾರೆ, ಅಂಗವಿಕಲ ಮಕ್ಕಳ ವಾಹನಕ್ಕೆ, ಆ ಬೀದಿಯ ನಿವಾಸಿಗಳಿಗೆ ವಿನಾಯಿತಿ ಇರುತ್ತದೆ. ಇದಕ್ಕೆ ಮೇಲುಸೇತುವೆ ಬೇಕಿಲ್ಲ, ಸುರಂಗ ಬೇಕಿಲ್ಲ. ಎರಡು ಬ್ಯಾರಿಕೇಡು, ಇಬ್ಬರು ಸಿಬ್ಬಂದಿ, ಶಾಲೆಯ ಪೋಷಕರ ಸಭೆಯಲ್ಲಿ ಒಂದು ಒಪ್ಪಿಗೆ ಸಾಕು. ಜಯನಗರದ, ಮಲ್ಲೇಶ್ವರದ ಯಾವುದಾದರೂ ಒಂದು ಶಾಲೆ ಒಂದು ತಿಂಗಳು ಇದನ್ನು ಮಾಡಿ ನೋಡಬಹುದು. ಆ ನಲವತ್ತೈದು ನಿಮಿಷದಲ್ಲಿ ಎಷ್ಟು ಮಕ್ಕಳು ನಡೆದು ಬಂದರು, ಎಷ್ಟು ಮಕ್ಕಳು ಸೈಕಲ್ ತಂದರು ಎಂದು ಗೇಟಿನ ಬಳಿ ನಿಂತು ಎಣಿಸುವ ಕೆಲಸಕ್ಕೆ ಬರಲು ಸೈಕಲ್ ಸವಾರರು ಸಿದ್ಧರಿರುತ್ತಾರೆ. ನಾನಂತೂ ಸಿದ್ಧ.